ಲೆನ್ಸ್ ಅಲ್ಲಾಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಅಪ್ಪನ ಹಳೆಯ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್ 17 ಜಿ-3 ಕ್ಯಾಮೆರಾ ಬೀರುವಿನಲ್ಲಿ ಸಿಕ್ಕಿತು. ಅಪ್ಪ ಅದನ್ನು ಜೀಪಿನಲ್ಲಿಟ್ಟುಕೊಂಡೇ ತೋಟ ಸುತ್ತುತ್ತಿದ್ದರು. ಶಟರ್ ಚೆನ್ನಾಗಿದೆ. ಆದರೆ ಲೆನ್ಸ್ ಹಿಡಿದರೆ ಲೊಡಲೊಡ ಅಲ್ಲಾಡುತ್ತದೆ. ಒಂದು ರೋಲ್ ಹಾಕಿ ನೋಡಿದೆ, ಪ್ರತಿ ಫೋಟೋದಲ್ಲೂ ಒಂದು ಬದಿ ಮಸುಕು. ಫೆವಿಕ್ವಿಕ್ ಹಾಕಿದರೆ ನಿಲ್ಲುತ್ತದೆಯೇ? ಅಮ್ಮನ ಫೋಟೋವನ್ನು ಅದರಲ್ಲೇ ತೆಗೆಯುವ ಆಸೆ.

ಉತ್ತರ: ದಯವಿಟ್ಟು ಫೆವಿಕ್ವಿಕ್ ಹಾಕಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ನಾಳೆ ಯಾರಾದರೂ ಬಿಚ್ಚಿ ಸರಿಮಾಡೋಣ ಅಂದರೂ ಆಗುವುದಿಲ್ಲ. ನಿಮ್ಮದು 1972ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್. ಹಾಸನದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ದಿನಗಳಲ್ಲಿ ನನ್ನ ಮೇಜಿಗೆ ಇಂಥವು ಎಷ್ಟೋ ಬಂದಿವೆ. ತೋಟದ ದಾರಿಯಲ್ಲಿ ಜೀಪಿನ ಕುಲುಕಾಟ ತಿಂದ ಕ್ಯಾಮೆರಾದಲ್ಲಿ ರಿಂಗು, ಸ್ಕ್ರೂ ಸಡಿಲವಾಗುವುದು ಸಹಜ.

ಬಿಗಿ ಮಾಡುವ ಮೊದಲು ಅಲ್ಲಾಡುತ್ತಿರುವುದು ಯಾವುದು ಅಂತ ಗೊತ್ತಾಗಬೇಕು. ರೋಲ್ ತೆಗೆದು ಹಿಂದಿನ ಬಾಗಿಲು ತೆರೆಯಿರಿ. ಒಂದು ಕೈಯಲ್ಲಿ ಬಾಡಿ ಹಿಡಿದು, ಇನ್ನೊಂದು ಕೈಯಲ್ಲಿ ಲೆನ್ಸಿನ ತುದಿಯನ್ನು ಮೆಲ್ಲಗೆ ಆಚೀಚೆ ಆಡಿಸಿ. ಕಣ್ಣು ಮಾತ್ರ ಹಿಂದಿನ ಗಾಜಿನ ಮೇಲಿರಲಿ. ಫೋಕಸ್ ರಿಂಗ್ ಮಾತ್ರ ಕೂದಲೆಳೆಯಷ್ಟು ಆಡಿದರೆ ಚಿಂತೆಯಿಲ್ಲ, ಇಷ್ಟು ವಯಸ್ಸಾದ ಕ್ಯಾಮೆರಾದಲ್ಲಿ ಅದು ಇದ್ದದ್ದೇ. ಮುಂದಿನ ಹೆಸರು ಬರೆದ ರಿಂಗ್ ಮಾತ್ರ ತಿರುಗುತ್ತಿದ್ದರೆ ಕೆಲಸ ಸುಲಭ. ಗಾಜಿಗೆ ತಾಗದಷ್ಟು ಅಗಲ ಬಾಯಿಯ ಸಣ್ಣ ಡಬ್ಬಿ ತಗೊಂಡು, ಅದರ ಅಂಚಿಗೆ ಮಾತ್ರ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ರಿಂಗ್ ಮೇಲೆ ಒತ್ತಿ ಬಲಕ್ಕೆ ತಿರುಗಿಸಿದರೆ ಸಾಕು.

ನೀವು ಬರೆದದ್ದು ನೋಡಿದರೆ ಹಿಂದಿನ ಗಾಜೂ ಜೊತೆಗೇ ಅಲ್ಲಾಡುತ್ತಿರಬೇಕು. ಈ ಕ್ಯಾಮೆರಾದ ಲೆನ್ಸ್ ತೆಗೆದು ಹಾಕುವಂಥದ್ದಲ್ಲ. ಶಟರ್ ಇರುವುದೂ ಲೆನ್ಸಿನ ಒಳಗೇ. ಇಂಥ ಕ್ಯಾಮೆರಾಗಳಲ್ಲಿ ಆ ಇಡೀ ಗಂಟನ್ನು ಹಿಂದಿನಿಂದ ಒಂದು ರಿಂಗ್ ಬಿಗಿಹಿಡಿದಿರುತ್ತದೆ. ಅದು ಸಡಿಲವಾದರೆ ಲೆನ್ಸ್ ವಾಲುತ್ತದೆ, ಒಂದು ಬದಿ ಮಸುಕಾಗುತ್ತದೆ. ಎಫ್/1.7ರಲ್ಲಿ, ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದಿಟ್ಟು, 0.8 ಮೀಟರ್ ಹತ್ತಿರದಿಂದ ತೆಗೆದಾಗ ಚೂಪಾಗಿ ಬರುವ ಆಳ ಸುಮಾರು 4 ಸೆಂಟಿಮೀಟರ್ ಅಷ್ಟೆ. ಅಲ್ಲಿ ಸ್ವಲ್ಪ ವಾಲಿದರೂ ಮುಖ ಕೆಟ್ಟುಹೋಗುತ್ತದೆ.

ಹಿಂದಿನ ಗಾಜಿನ ಸುತ್ತ ಎದುರುಬದುರಾಗಿ ಎರಡು ಕಚ್ಚು ಇರುವ ರಿಂಗನ್ನು ಹುಡುಕಿ. ಅದಕ್ಕೆ ಆ ಎರಡು ಕಚ್ಚಿಗೆ ಕೂರುವ ಎರಡು ಮೂತಿಯ ಲೆನ್ಸ್ ಸ್ಪ್ಯಾನರ್ ಬೇಕೇ ಬೇಕು. ವಾಚ್ ರಿಪೇರಿಯವರ ಕೇಸ್ ಓಪನರ್‌ನ ಮೂತಿ ಗಿಡ್ಡ, ಅಷ್ಟು ಆಳಕ್ಕೆ ಹೋಗುವುದಿಲ್ಲ. ಶುರುವಿನಲ್ಲಿ ನಾನು ಕಂಪಾಸ್ ಬಾಕ್ಸಿನ ಡಿವೈಡರ್ ಹಾಕಿ ತಿರುಗಿಸಿದೆ. ಡಿವೈಡರ್‌ನ ಕಾಲು ಜಾರಿ ಹಿಂದಿನ ಗಾಜಿಗೆ ಉದ್ದ ಗೀರು ಬಿತ್ತು. ಅದು ಗಿರಾಕಿಯ ಮದುವೆ ಕಾಲದ ಕ್ಯಾಮೆರಾ. ಅವರು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಹಾಗಾಗಿ ಗಾಜಿನ ಅಳತೆಗೆ ದಪ್ಪ ಕಾಗದ ಕತ್ತರಿಸಿ ಮೊದಲು ಮುಚ್ಚಿ.

ಬಿಗಿ ಮಾಡುವಾಗ ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ. ಲೆನ್ಸ್ ತನ್ನ ಜಾಗದಲ್ಲಿ ನೆಟ್ಟಗೆ ಕೂತಿದೆಯಾ, ಎಫ್ ನಂಬರಿನ ಗುರುತು ಮೇಲ್ಗಡೆ ಮಧ್ಯಕ್ಕೆ ಬಂದಿದೆಯಾ ನೋಡಿ. ಸೊಟ್ಟ ಕೂತಿದ್ದಾಗಲೇ ಬಿಗಿದರೆ ಶಟರ್ ಎಳೆಯುವ ಒಳಗಿನ ಕೊಂಡಿ ಸರಿಯಾಗಿ ಸೇರುವುದಿಲ್ಲ. ಬೆರಳ ಬಲದಲ್ಲಿ ಬಲಕ್ಕೆ ತಿರುಗಿಸಿ, ನಿಂತ ಕಡೆ ನಿಲ್ಲಿಸಿ. ಎಣ್ಣೆ ಒಂದು ಹನಿಯೂ ಬೇಡ, ಅದು ಹರಿದು ಶಟರ್ ಎಲೆಗಳನ್ನು ಅಂಟಿಸಿಬಿಡುತ್ತದೆ. ರಿಂಗ್ ಬಿಗಿಯಾಗಿದ್ದೂ ಲೆನ್ಸ್ ಆಡುತ್ತಿದ್ದರೆ ಮುಂದಿನ ಚರ್ಮದ ಹೊದಿಕೆಯ ಕೆಳಗೆ ತೊಂದರೆಯಿರಬಹುದು. ಅದನ್ನು ಬಲ್ಲವರಿಗೆ ಕೊಡಿ.

ಆಮೇಲೆ ಫೋಕಸ್ ಪರೀಕ್ಷೆ. ಇದನ್ನು ಬಿಡಲೇಬಾರದು. ರೋಲ್ ಹಾಯುವ ಕಿಟಕಿಯಲ್ಲಿ ಎರಡು ಜೊತೆ ಕಂಬಿಗಳಿರುತ್ತವೆ. ಒಳಗಿನ ಜೊತೆಯ ಮೇಲೆ ಮ್ಯಾಟ್ ಸೆಲ್ಲೋಟೇಪನ್ನು ಸುಕ್ಕಿಲ್ಲದಂತೆ ಎಳೆದು ಅಂಟಿಸಿ. ಶಟರ್ ಬಿ ಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವ ಗುರುತು), ಎಫ್/1.7ಕ್ಕೆ ಇಟ್ಟು, ಶಟರ್ ಗುಂಡಿಗೆ ಸಿಕ್ಕಿಸುವ ತಂತಿ, ಅಂದರೆ ಕೇಬಲ್ ರಿಲೀಸ್‌ನಿಂದ ತೆರೆದು ಹಿಡಿಯಿರಿ. ನಿಮಗೆ ಗುರಿಗೆ ಮುಳ್ಳಯ್ಯನಗಿರಿಯೇ ಇದೆಯಲ್ಲ! ಮಂಜು ಕರಗಿದ ಮೇಲೆ, ಬಿಸಿಲಿನ ಝಳ ಏಳುವ ಮೊದಲು ಬೆಟ್ಟದ ಸಾಲಿನ ಕಡೆ ತಿರುಗಿಸಿ. ಫೋಕಸ್ ರಿಂಗ್ ಅನಂತದ (∞) ಗುರುತಿಗಿರಲಿ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಭೂತಗನ್ನಡಿಯಲ್ಲಿ ಟೇಪಿನ ಮೇಲೆ ಬಿದ್ದ ಬಿಂಬ ನೋಡಿ. ಬೆಟ್ಟದ ಅಂಚು ಎಡಕ್ಕೂ ಬಲಕ್ಕೂ ಒಂದೇ ರೀತಿ ಚೂಪಾಗಿದ್ದರೆ ಲೆನ್ಸ್ ನೆಟ್ಟಗೆ ಕೂತಿದೆ. ಆಗಲೇ ವ್ಯೂಫೈಂಡರ್‌ನಲ್ಲೂ ಇಣುಕಿ. ಅದರ ಮಧ್ಯದಲ್ಲಿ ಕಾಣುವ ಬೆಟ್ಟದ ಎರಡು ಬಿಂಬ ಒಂದಾಗಬೇಕು. ಟೇಪಿನಲ್ಲಿ ಚೂಪಿದ್ದು ಇಲ್ಲಿ ಎರಡಾಗಿ ಕಂಡರೆ ಕೆಡುಕಿರುವುದು ರೇಂಜ್‌ಫೈಂಡರ್‌ನಲ್ಲಿ, ಅಂದರೆ ಎರಡು ಬಿಂಬ ಸೇರಿಸಿ ದೂರ ಅಳೆಯುವ ಭಾಗದಲ್ಲಿ. ಲೆನ್ಸನ್ನು ಮತ್ತೆ ಬಿಚ್ಚಬೇಡಿ.

ಇಷ್ಟಾದರೆ ಹೊಸ ರೋಲ್ ಹಾಕಿ. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ, ಫೋಕಸ್ ಅವರ ಕಣ್ಣಿಗೆ ಮಾಡಿ. ಒಂದು ಫೋಟೋ ಎಫ್/1.7ರಲ್ಲಿ, ಇನ್ನೊಂದು ಎಫ್/4ರಲ್ಲಿ ತೆಗೆಯಿರಿ. ಪ್ರಿಂಟ್ ಬಂದ ಮೇಲೆ ಎರಡನ್ನೂ ನನಗೆ ಕಳಿಸಿ, ನೋಡಿ ಹೇಳುತ್ತೇನೆ.