ಕರ್ನಾಟಕ ಪಿಟೀಲು ಕಲಿತವರು ಅಮೆರಿಕದ ವಾರಾಂತ್ಯದ ಫಿಡಲ್ ಕ್ಯಾಂಪ್‌ಗೆ ಹೇಗೆ ತಯಾರಾಗಬೇಕು?

ಎಂಟು ವರ್ಷ ಕರ್ನಾಟಕ ಸಂಗೀತದ ಪಿಟೀಲು ಕಲಿತು ಈಗ ಉತ್ತರ ಕೆರೊಲಿನಾದಲ್ಲಿದ್ದೀರಿ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗಿನ ಓಲ್ಡ್-ಟೈಮ್ (ಅಮೆರಿಕದ ಹಳೆಯ ಜನಪದ ಕುಣಿತದ ಸಂಗೀತ) ಫಿಡಲ್, ಅಂದರೆ ಪಿಟೀಲು, ಕ್ಯಾಂಪ್‌ಗೆ ಹೆಸರು ಕೊಡುವ ಆಸೆಯಿದೆ, ಆದರೆ ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಲು ಬರುವುದಿಲ್ಲ, ಹೋಗಬಹುದೇ ಎಂದು ಕೇಳಿದ್ದೀರಿ.

ಧಾರಾಳವಾಗಿ ಹೋಗಿ. ಓಲ್ಡ್-ಟೈಮ್ ಪಾಠದಲ್ಲಿ ಸಾಮಾನ್ಯವಾಗಿ ನೊಟೇಶನ್ ಹಾಳೆಯೇ ಇರುವುದಿಲ್ಲ. ಮೇಷ್ಟ್ರು ಒಂದು ಸಾಲು ನುಡಿಸುತ್ತಾರೆ, ನೀವು ಅದನ್ನೇ ತಿರುಗಿ ನುಡಿಸುತ್ತೀರಿ, ಆಮೇಲೆ ಮುಂದಿನ ಸಾಲು. ಗುರುಗಳ ಎದುರು ಕೂತು ಕಲಿತವರಿಗೆ ಇದು ಹೊಸದಲ್ಲ. ಇಪ್ಪತ್ತು ನಿಮಿಷದಲ್ಲಿ ಧಾಟಿ ನಿಮ್ಮ ಕಿವಿಗೆ ಬಂದಿರುತ್ತದೆ. ಕಷ್ಟ ಬೇರೆ ಕಡೆ ಇದೆ. ನಿಮ್ಮ ಎಡಗೈಗೆ ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು, ಬಲಗೈಗೆ ಇನ್ನೂ ಗೊತ್ತಿಲ್ಲ. ಹೋಗುವ ಮುನ್ನ ಸಿಗುವ ಮೂರ್ನಾಲ್ಕು ವಾರವನ್ನು ಕಮಾನಿಗೇ ಮೀಸಲಿಡಿ.

ಮೊದಲು ಶ್ರುತಿ. ಅಲ್ಲಿ ಎಲ್ಲರೂ ಜಿ-ಡಿ-ಎ-ಇ ಇಟ್ಟುಕೊಂಡು ಬರುತ್ತಾರೆ, ಎ ಅಂದರೆ 440 ಹರ್ಟ್ಸ್. ನಿಮ್ಮ ವಾದ್ಯದಲ್ಲಿ ಸ-ಪ-ಸ-ಪ ಇರುತ್ತದೆ. ಐದು ಮನೆ ಶ್ರುತಿ, ಅಂದರೆ ಜಿ, ಇಟ್ಟಿದ್ದರೆ ಮೇಲಿನ ಎರಡು ತಂತಿಗಳನ್ನು ಎರಡೆರಡು ಸ್ವರಸ್ಥಾನ ಏರಿಸಿದರೆ ಮುಗಿಯಿತು. ಡಿ ಶ್ರುತಿಯಲ್ಲಿದ್ದರೆ ಕೆಳಗಿನೆರಡು ತಂತಿ ಐದೈದು ಸ್ವರಸ್ಥಾನ, ಮೇಲಿನೆರಡು ಏಳೇಳು ಸ್ವರಸ್ಥಾನ ಏರಬೇಕು. ಹಳೆಯ ತಂತಿಗಳನ್ನು ಅಷ್ಟು ಎಳೆಯಬೇಡಿ, ಅದರಲ್ಲೂ ತಗ್ಗು ಶ್ರುತಿಗೆಂದು ದಪ್ಪ ತಂತಿ ಹಾಕಿಸಿದ್ದರೆ ಮುಟ್ಟಲೇಬೇಡಿ. ಹೊಸ ಸ್ಟೀಲ್ ಸೆಟ್ ಹಾಕಿ. ಪ್ರಿಮ್, ಹೆಲಿಕೋರ್ ಎಂಬ ತಂತಿಗಳು ಎರಡೂ ಈ ಸಂಗೀತಕ್ಕೆ ಒಗ್ಗುತ್ತವೆ, ಪದೇ ಪದೇ ಶ್ರುತಿ ಬದಲಿಸಿದರೂ ಬೇಗ ನಿಲ್ಲುತ್ತವೆ. ಈ ಕೆಲಸ ಹೊರಡುವ ಹಿಂದಿನ ರಾತ್ರಿ ಆಗಬಾರದು, ಒಂದು ವಾರ ಮೊದಲೇ ಆಗಬೇಕು. ನಾಲ್ಕು ತಂತಿಗಳನ್ನೂ ಸ್ವಲ್ಪ ಸ್ವಲ್ಪವೇ, ಸುತ್ತು ಸುತ್ತಾಗಿ ಏರಿಸಿ. ಬಿಗಿಯುವಾಗ ಕುದುರೆಯ (ತಂತಿಗಳನ್ನು ಹೊರುವ ಬ್ರಿಜ್) ತಲೆ ಬಿರಡೆಯ ಕಡೆಗೆ ವಾಲುತ್ತದೆ, ಗಮನಿಸದಿದ್ದರೆ ಒಮ್ಮೆಲೇ ಬಿದ್ದು ಒಳಗಿನ ಆಸರೆ ಕಡ್ಡಿ (ಸೌಂಡ್ ಪೋಸ್ಟ್) ಕೂಡ ಜಾರಬಹುದು. ಪ್ರತಿ ಸುತ್ತಿಗೂ ಪಕ್ಕದಿಂದ ನೋಡಿ, ಟೇಲ್‌ಪೀಸ್ ಕಡೆಯ ಮುಖ ಹಲಗೆಗೆ ನೇರ ಲಂಬವಾಗುವ ಹಾಗೆ ಎರಡು ಕೈಯ ಬೆರಳಲ್ಲಿ ಹಿಂದಕ್ಕೆ ಸರಿಸಿ.

ಈ ಬದಲಾವಣೆಯಿಂದ ಬೆರಳು ತಪ್ಪುವುದು ಒಂದೇ ಜಾಗದಲ್ಲಿ, ನಡುವಿನ ಎರಡು ತಂತಿಗಳ ಮಧ್ಯೆ. ಸ-ಪ-ಸ-ಪದಲ್ಲಿ ಮಂದ್ರ ಪಂಚಮದ ತಂತಿ ಮೇಲೆ ಪ, ದ, ನಿ ಆದ ಕೂಡಲೇ ಮುಂದಿನ ತಂತಿ ಖಾಲಿ ಷಡ್ಜ. ಅಂದರೆ ಎರಡು ಬೆರಳಿಟ್ಟು ದಾಟುತ್ತೀರಿ. ಜಿ-ಡಿ-ಎ-ಇಯಲ್ಲಿ ಡಿ ತಂತಿಯಿಂದ ಎ ತಂತಿಗೆ ಐದನೆಯ ಸ್ವರದ ಅಂತರ, ಮೂರು ಬೆರಳಿಟ್ಟ ಮೇಲೆ ದಾಟಬೇಕು. ಹಳೆಯ ಅಭ್ಯಾಸದ ಕೈ ಒಂದು ಬೆರಳು ಮೊದಲೇ ಹಾರಿ ಅಪಸ್ವರ ನುಡಿಸುತ್ತದೆ. ದಿನಾ ಹತ್ತು ನಿಮಿಷ ಶಂಕರಾಭರಣದ ಸರಳೆಗಳನ್ನು ಡಿ ಷಡ್ಜದಲ್ಲಿ ಈ ಎರಡು ತಂತಿಗಳ ಮೇಲೆ ಮಾತ್ರ ನುಡಿಸಿದರೆ ವಾರದೊಳಗೆ ಹಿಡಿತಕ್ಕೆ ಬರುತ್ತದೆ.

ಅಲ್ಲಿ ಯಾರೂ ಸ್ವರ ಹೇಳುವುದಿಲ್ಲ, ಡಿ, ಎ, ಜಿ ಎನ್ನುತ್ತಾರೆ. ಹಾಗಾಗಿ ಖಾಲಿ ತಂತಿಗಳ ಲೆಕ್ಕ ಬಾಯಿಪಾಠವಿರಲಿ. ಡಿ ಕೀಯಲ್ಲಿ, ಅಂದರೆ ಡಿ ಷಡ್ಜವಾದಾಗ, ಜಿ-ಡಿ-ಎ-ಇ ಕ್ರಮವಾಗಿ ಮಂದ್ರ ಮ, ಸ, ಪ, ತಾರಸ್ಥಾಯಿ ರಿ. ಜಿ ಕೀಯಲ್ಲಿ ಸ, ಪ, ಮೇಲಿನ ರಿ, ಮೇಲಿನ ದ. ಎ ಕೀಯಲ್ಲಿ ಕೆಳಗಿನೆರಡು ನಿ ಮತ್ತು ಮ, ಮೇಲಿನೆರಡು ಸ ಮತ್ತು ಪ. ಇಲ್ಲಿನ ನಿ ಕೈಶಿಕಿ, ಮ ಶುದ್ಧ. ಓಲ್ಡ್-ಟೈಮ್‌ನ ಬಹುಪಾಲು ಧಾಟಿಗಳು ಡಿ, ಎ, ಜಿ, ಸಿ ಈ ನಾಲ್ಕರಲ್ಲೇ ಇರುತ್ತವೆ. ರಾಗದ ಕಡೆಯಿಂದ ಕೇಳಿದರೆ ಹೆಚ್ಚಿನವು ಶಂಕರಾಭರಣ ಇಲ್ಲವೇ ಮೋಹನದ ಸ್ವರಗಳು. ಓಲ್ಡ್ ಜೋ ಕ್ಲಾರ್ಕ್ ಎ ಷಡ್ಜದ ಹರಿಕಾಂಭೋಜಿ ಸ್ವರಗಳಲ್ಲಿದೆ, ಕೈಶಿಕಿ ನಿಷಾದ ಬಂದಾಗ ನಿಮ್ಮ ಕಿವಿಗೆ ಕೂಡಲೇ ಗೊತ್ತಾಗುತ್ತದೆ.

ಇನ್ನು ಒಂದು ಸಂತೋಷದ ವಿಷಯ. ಹಳೆಯ ಎ ಕೀ ಧಾಟಿಗಳಿಗೆ ಫಿಡಲ್‌ನವರು ಕೆಳಗಿನೆರಡು ತಂತಿಗಳನ್ನು ಎರಡೆರಡು ಸ್ವರಸ್ಥಾನ ಏರಿಸಿ ಎ-ಇ-ಎ-ಇ ಮಾಡಿಕೊಳ್ಳುತ್ತಾರೆ. ಕ್ರಾಸ್ ಟ್ಯೂನಿಂಗ್ ಎನ್ನುತ್ತಾರೆ. ಅದು ಅಪ್ಪಟ ಸ-ಪ-ಸ-ಪ! ಬೇರೆಯವರು ಬೆರಳು ಹುಡುಕುತ್ತಿರುವಾಗ ನಿಮ್ಮ ಕೈ ತವರಿಗೆ ಬಂದಿರುತ್ತದೆ. ಕ್ಯಾಂಪ್‌ನಲ್ಲಿ ಕ್ರಾಸ್ ಟ್ಯೂನಿಂಗ್ ತರಗತಿ ಇದ್ದರೆ ಅದನ್ನು ಬಿಡಲೇಬೇಡಿ.

ಈಗ ಕಮಾನು. ನಮ್ಮಲ್ಲಿ ಕಮಾನು ಸಾಹಿತ್ಯವನ್ನು ಹಿಂಬಾಲಿಸುತ್ತದೆ, ಒಂದು ಉದ್ದನೆಯ ಎಳೆತದಲ್ಲಿ ನಾಲ್ಕಾರು ಸ್ವರ ಹರಿಯುತ್ತವೆ. ಫಿಡಲ್‌ನಲ್ಲಿ ಕಮಾನೇ ಮೃದಂಗ. ಈ ಸಂಗೀತ ಹುಟ್ಟಿದ್ದು ಕುಣಿತಕ್ಕೆ, ಸ್ವರ ತಪ್ಪಿದರೂ ನಡೆಯುತ್ತದೆ, ನಡೆ ತಪ್ಪಿದರೆ ಇಡೀ ವೃತ್ತ ಮುಗ್ಗರಿಸುತ್ತದೆ. ಮೊದಲು ಕಲಿಯಬೇಕಾದ್ದು ನ್ಯಾಶ್‌ವಿಲ್ ಶಫಲ್. ಚತುರಶ್ರ ನಡೆಯ ಒಂದು ಅಕ್ಷರಕಾಲವನ್ನು ಎರಡು, ಒಂದು, ಒಂದು ಎಂದು ಮುರಿಯಿರಿ: ತಾಂ, ತ ಕ, ತಾಂ, ತ ಕ. ಮೊದಲ ತಾಂ ಕೆಳಕಮಾನು, ತ ಮೇಲೆ, ಕ ಕೆಳಗೆ. ಮುಂದಿನ ತಾಂ ಮೇಲ್ಕಮಾನು. ಮೂರು ಬೆಸ ಸಂಖ್ಯೆಯಾದ್ದರಿಂದ ಪ್ರತಿ ಅಕ್ಷರಕ್ಕೂ ದಿಕ್ಕು ತಿರುಗುತ್ತದೆ, ಇಲ್ಲೇ ಎಲ್ಲರೂ ಎಡವುವುದು. ಎರಡನೆಯ ತಾಂ ಮೇಲ್ಕಮಾನಿನಲ್ಲೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಒತ್ತು ಬೀಳಬೇಕಾದ್ದು ತಾಂ ಮೇಲಲ್ಲ, ಅದರ ನಂತರದ ತ ಮೇಲೆ. ಸಮದಲ್ಲಿ ಒತ್ತು ಕೊಟ್ಟು ರೂಢಿಯಾದ ನಮಗೆ ಇದು ತಿರುಗುಮುರುಗು ಅನ್ನಿಸುತ್ತದೆ. ಬಾಯಲ್ಲಿ ಹೇಳಿಕೊಂಡು, ಕಾಲಲ್ಲಿ ತಾಳ ಹಾಕಿ, ಆಮೇಲೆ ಕಮಾನು ಮುಟ್ಟಿ.

ಖಾಲಿ ಡಿ, ಎ ಎರಡೂ ತಂತಿ ಒಟ್ಟಿಗೆ ನುಡಿಯುವ ಹಾಗೆ ಇದನ್ನು ಅಭ್ಯಾಸ ಮಾಡಿ. ಕಮಾನಿನ ನಡುಭಾಗದಿಂದ ತುದಿಯ ಕಡೆಗೆ ಹತ್ತು ಹನ್ನೆರಡು ಸೆಂಟಿಮೀಟರ್ ಸಾಕು, ಅದಕ್ಕಿಂತ ಉದ್ದ ಎಳೆದರೆ ವೇಗ ಬಂದಾಗ ತಡವಾಗುತ್ತೀರಿ. ಮೆಟ್ರೊನೋಮ್ 60ರಲ್ಲಿ (ನಿಮಿಷಕ್ಕೆ 60 ತಾಳ) ಶುರುಮಾಡಿ. ನಿಧಾನದ ಜಾಮ್ (ಎಲ್ಲರೂ ವೃತ್ತವಾಗಿ ಕೂತು ಒಟ್ಟಿಗೆ ನುಡಿಸುವ ಕೂಟ) 70–80ರಲ್ಲಿ ನಡೆಯುತ್ತದೆ, ರಾತ್ರಿಯ ಅಸಲಿ ಜಾಮ್ 100ರಿಂದ 120. ನೀವು 80ರಲ್ಲಿ ಗಟ್ಟಿಯಾದರೆ ಹೋಗಲು ತಯಾರು. ಪಕ್ಕದ ಖಾಲಿ ತಂತಿಯನ್ನು ಸೇರಿಸಿ ನುಡಿಸುವುದು ಈ ಶೈಲಿಯ ಜೀವಾಳ, ಹಾಗಾಗಿ ತಂಬೂರಿ ಆ್ಯಪ್ ಬೇಕಿಲ್ಲ, ಆಧಾರ ಶ್ರುತಿಯನ್ನು ಕಮಾನೇ ಕೊಡುತ್ತದೆ.

ಗಮಕದ ಬಗ್ಗೆ ನೇರವಾಗಿ ಹೇಳುತ್ತೇನೆ: ಕಂಪಿತ ಪೂರ್ತಿ ಬಿಡಿ. ಎಂಟು ಜನ ಒಂದೇ ಧಾಟಿ ನುಡಿಸುವಾಗ ನಿಮ್ಮ ಗಾಂಧಾರ ಮಾತ್ರ ಅಲ್ಲಾಡಿದರೆ ಶ್ರುತಿ ಕದಡುತ್ತದೆ. ಗಾಂಧಾರಕ್ಕೆ ಕೆಳಗಿನಿಂದ ಚಿಕ್ಕದಾಗಿ ಜಾರಿ ಬರುವುದು ಅವರಲ್ಲೂ ಇದೆ, ಅದನ್ನು ಉಳಿಸಿಕೊಳ್ಳಿ.

ಧಾಟಿಯ ಕಟ್ಟಡ ಸರಳ. ಎ ಎಂಬ ಮೊದಲ ಭಾಗ ಎರಡು ಸಲ, ಬಿ ಎಂಬ ಎರಡನೆಯ ಭಾಗ ಎರಡು ಸಲ. ಪ್ರತಿ ಭಾಗ ಹದಿನಾರು ತಾಳ, ಅಂದರೆ ಆದಿತಾಳದ ಎರಡು ಆವರ್ತ. ಇಡೀ ಸುತ್ತು ಎಂಟು ಆವರ್ತ, 64 ತಾಳ. 110 ವೇಗದಲ್ಲಿ ಒಂದು ಸುತ್ತಿಗೆ ಸುಮಾರು 35 ಸೆಕೆಂಡು. ಓಲ್ಡ್-ಟೈಮ್‌ನವರು ಒಂದೇ ಧಾಟಿಯನ್ನು ಹತ್ತು ಸುತ್ತು, ಇನ್ನೂ ಹೆಚ್ಚು ಸುತ್ತುತ್ತಾರೆ, ಆರು ನಿಮಿಷ ನಿಮಗೆ ಕಲಿಯಲು ಸಿಕ್ಕಿತು. ಮೊದಲೆರಡು ಸುತ್ತು ಕೇಳಿ, ಪ್ರತಿ ಭಾಗ ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂದು ಹಿಡಿಯಿರಿ, ಹೆಚ್ಚಾಗಿ ಷಡ್ಜ. ಮೂರನೆಯ ಸುತ್ತಿನಲ್ಲಿ ತಾಳ ಬೀಳುವ ಸ್ವರಗಳನ್ನಷ್ಟೇ ಮೆಲ್ಲಗೆ ನುಡಿಸಿ. ಆಮೇಲೆ ನಡುವಿನ ಜಾಗ ತುಂಬಿ. ಹಲವು ಧಾಟಿಗಳು ಸಮಕ್ಕಿಂತ ಎರಡು ಮೂರು ಸ್ವರ ಮೊದಲೇ ಎತ್ತಿಕೊಳ್ಳುತ್ತವೆ, ನಮ್ಮ ಅತೀತ ಎಡುಪಿನ ಹಾಗೆ. ಕೆಲವು ಧಾಟಿಗಳಲ್ಲಿ ಒಂದೆರಡು ತಾಳ ಹೆಚ್ಚು ಕಡಿಮೆ ಇರುತ್ತದೆ, ಅವಕ್ಕೆ ಕ್ರುಕೆಡ್ ಎನ್ನುತ್ತಾರೆ. ಲೆಕ್ಕ ತಪ್ಪಿತು ಅನ್ನಿಸಿದರೆ ನಿಲ್ಲಿಸಿ ಕೇಳಿ, ತಪ್ಪು ನಿಮ್ಮದಿಲ್ಲದಿರಬಹುದು.

ಮನೆಯಲ್ಲೇ ಕಲಿತು ಹೋಗಲು ಡಿಯಲ್ಲಿ ಏಂಜಲೀನ್ ದ ಬೇಕರ್, ಸೋಲ್ಜರ್ಸ್ ಜಾಯ್, ಎಯಲ್ಲಿ ಓಲ್ಡ್ ಜೋ ಕ್ಲಾರ್ಕ್ ಸಾಕು. ಮೂರೂ ಎಲ್ಲರಿಗೂ ಗೊತ್ತಿರುವಂಥವು. ಏಂಜಲೀನ್ ಬಹುಪಾಲು ಮೋಹನದ ಸ್ವರಗಳಲ್ಲೇ ಓಡಾಡುತ್ತದೆ, ಅಲ್ಲಿಂದ ಶುರುಮಾಡಿ.

ಕೂರುವ ವಿಷಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬಲಗಾಲಿನ ಪಾದದ ಮೇಲೆ ವಾದ್ಯದ ತಲೆ ಊರಿ ನುಡಿಸಿದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಉಳಿದವರೆಲ್ಲ ಕುರ್ಚಿಯಲ್ಲಿ ವೃತ್ತವಾಗಿ ಕೂತಿರುತ್ತಾರೆ, ಕೆಳಗೆ ಕೂತವರಿಗೆ ಮುಖ್ಯ ಫಿಡಲ್‌ನವರ ಬಲಗೈ ಕಾಣುವುದಿಲ್ಲ, ಕಲಿಯಬೇಕಾದ್ದು ಅದನ್ನೇ. ಕೈಯಿಲ್ಲದ ಕುರ್ಚಿಯಲ್ಲಿ ಕೂತು ವಾದ್ಯವನ್ನು ಎದೆಗೋ ಭುಜಕ್ಕೋ ಊರಿ ಹಿಡಿಯುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ. ಎಡಗೈ ಮೇಲೆ ಕೆಳಗೆ ಜಾರಬೇಕಾದ್ದಿಲ್ಲ, ಬಹುತೇಕ ಎಲ್ಲವೂ ಮೊದಲ ಸ್ಥಾನದಲ್ಲೇ ಮುಗಿಯುತ್ತದೆ. ಹಾಗಾಗಿ ವಾದ್ಯದ ಕುತ್ತಿಗೆಯನ್ನು ಎಡಗೈಯೇ ಹೊತ್ತುಕೊಂಡರೂ ತೊಂದರೆಯಿಲ್ಲ, ಹಳೆಯ ಫಿಡಲ್‌ನವರು ಎಷ್ಟೋ ಮಂದಿ ಹಾಗೇ ಹಿಡಿಯುತ್ತಾರೆ.

ಅರ್ಜಿಯಲ್ಲಿ ಮಟ್ಟ ಕೇಳುತ್ತಾರೆ. ಇಂಟರ್ಮೀಡಿಯೇಟ್ ಎಂದು ಬರೆಯಿರಿ. ಬಿಗಿನರ್ ತರಗತಿಯಲ್ಲಿ ವಾದ್ಯ ಹಿಡಿಯುವುದರಲ್ಲೇ ಸಮಯ ಹೋಗುತ್ತದೆ, ಅಡ್ವಾನ್ಸ್ಡ್‌ನಲ್ಲಿ ಕಮಾನಿನ ಮಾದರಿಗಳು ಗೊತ್ತಿವೆ ಎಂದುಕೊಂಡೇ ಪಾಠ ಶುರುವಾಗುತ್ತದೆ. ತರಗತಿಯ ಕೊನೆಯಲ್ಲಿ, ಕೇಳಿಕೊಂಡು, ಮೇಷ್ಟ್ರು ಒಮ್ಮೆ ನಿಧಾನವಾಗಿ, ಒಮ್ಮೆ ಪೂರ್ತಿ ವೇಗದಲ್ಲಿ ನುಡಿಸುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಸಾಧ್ಯವಾದರೆ ಬಲಗೈ ಕಾಣುವ ವಿಡಿಯೊ. ಸ್ವರ ಬರೆದುಕೊಳ್ಳುವುದಿದ್ದರೆ ಊಟದ ಹೊತ್ತಿಗೆ ಬರೆಯಿರಿ, ಪಾಠದ ನಡುವೆ ಬೇಡ.

ಜಾಮ್‌ನ ರೀತಿನೀತಿ ಹೀಗೆ. ಒಂದು ವೃತ್ತ ಗಂಟೆಗಟ್ಟಲೆ ಒಂದೇ ಕೀಯಲ್ಲಿ ಇರುತ್ತದೆ, ಏಕೆಂದರೆ ಕೀ ಬದಲಾದರೆ ಬ್ಯಾಂಜೊದವರೂ ಕ್ರಾಸ್ ಮಾಡಿಕೊಂಡ ಫಿಡಲ್‌ನವರೂ ಮತ್ತೆ ಶ್ರುತಿ ಮಾಡಬೇಕು. ಡಿಯಲ್ಲಿ ನಡೆಯುತ್ತಿರುವಾಗ ಎಯ ಧಾಟಿ ಎತ್ತಬೇಡಿ. ನಾಲ್ಕೈದು ಜನ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರೆ ಧಾಟಿ ಮುಗಿದ ಮೇಲೆ ಸೇರಬಹುದೇ ಎಂದು ಕೇಳಿ, ಸಡಿಲವಾದ ದೊಡ್ಡ ವೃತ್ತವಾದರೆ ಹಿಂದಿನ ಸಾಲಿನಲ್ಲಿ ಕೂತರಾಯಿತು. ಧಾಟಿಗಳ ನಡುವೆ ಆಲಾಪನೆ ಎತ್ತುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಆ ಹೊತ್ತಿನಲ್ಲಿ ಯಾರೋ ಶ್ರುತಿ ಮಾಡುತ್ತಿರುತ್ತಾರೆ, ಯಾರೋ ಮುಂದಿನ ಧಾಟಿಯನ್ನು ನೆನಪಿಸಿಕೊಳ್ಳುತ್ತಿರುತ್ತಾರೆ. ನಿಮ್ಮ ಸರದಿ ಬಂದಾಗ ನೀವು ಹಿಡಿದ ವೇಗವೇ ಎಲ್ಲರ ವೇಗ, ನಿಧಾನವಾಗಿ ಹಿಡಿಯುವ ಹಕ್ಕು ನಿಮಗಿದೆ. ಧಾಟಿ ಎತ್ತಿದವರು ಕಾಲೆತ್ತಿದರೆ ಅದೇ ಕೊನೆಯ ಸುತ್ತು. ಇಷ್ಟೆಲ್ಲ ಓಲ್ಡ್-ಟೈಮ್‌ನ ಮಾತು. ಬ್ಲೂಗ್ರಾಸ್‌ನಲ್ಲಿ ಸರದಿಯಂತೆ ಒಬ್ಬೊಬ್ಬರೇ ಮುಂದಾಗುತ್ತಾರೆ, ಐರಿಶ್ ಸೆಶನ್‌ನಲ್ಲಿ ಎರಡು ಮೂರು ಧಾಟಿಗಳನ್ನು ಕೋದು ಒಂದೊಂದನ್ನೂ ಸಾಮಾನ್ಯವಾಗಿ ಮೂರು ಸಲ ನುಡಿಸುತ್ತಾರೆ.

ನಿಮ್ಮ ರಾಜ್ಯದಲ್ಲೇ ಆಶ್‌ವಿಲ್ ಬಳಿಯ ವಾರನ್ ವಿಲ್ಸನ್ ಕಾಲೇಜಿನಲ್ಲಿ ಸ್ವಾನನೋವಾ ಗ್ಯಾದರಿಂಗ್ ಬೇಸಿಗೆಯಲ್ಲಿ ವಾರಗಟ್ಟಲೆಯ ಪಾಠ ನಡೆಸಿಕೊಂಡು ಬಂದಿದೆ. ವರ್ಜೀನಿಯಾದ ಗೇಲ್ಯಾಕ್ಸ್‌ನಲ್ಲಿ 1935ರಿಂದ ನಡೆಯುವ ಓಲ್ಡ್ ಫಿಡ್ಲರ್ಸ್ ಕನ್ವೆನ್ಷನ್, ವೆಸ್ಟ್ ವರ್ಜೀನಿಯಾದ ಕ್ಲಿಫ್‌ಟಾಪ್ ಉತ್ಸವ ಬೇರೆ ಬಗೆಯವು. ಅಲ್ಲಿ ಸ್ಪರ್ಧೆ ವೇದಿಕೆಯಲ್ಲಿ, ಸಂಗೀತ ಡೇರೆಗಳ ನಡುವೆ, ಪಾಠಕ್ಕಿಂತ ಜಾಮ್ ಜಾಸ್ತಿ. ಮೊದಲು ವಾರಾಂತ್ಯದ ಕ್ಯಾಂಪ್ ಮುಗಿಸಿ ಅಲ್ಲಿಗೆ ಹೋದರೆ ಹೆಚ್ಚು ದಕ್ಕುತ್ತದೆ.

ಚೀಲದಲ್ಲಿ ಮಡಚುವ ಕುರ್ಚಿ, ವಾದ್ಯಕ್ಕೆ ಕಚ್ಚಿಸುವ ಟ್ಯೂನರ್, ಎ ಮತ್ತು ಇ ಬಿಡಿ ತಂತಿ, ರಾಳ, ಬಿರಡೆಗೆ ಹಚ್ಚುವ ಪೇಸ್ಟ್ ಇರಲಿ. ಗದ್ದಲದಲ್ಲಿ ಫೋನಿನ ಆ್ಯಪ್ ಪಕ್ಕದವರ ಸ್ವರ ಹಿಡಿಯುತ್ತದೆ, ಕಚ್ಚಿಸುವ ಟ್ಯೂನರ್ ನಿಮ್ಮ ಮರದ ಕಂಪನವನ್ನೇ ಓದುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ವಾದ್ಯ ಬಿಡಬೇಡಿ, ಅಂಟು ಮೆತ್ತಗಾಗಿ ಬೆಸುಗೆ ಬಿಡುತ್ತದೆ. ಬೆಟ್ಟದ ಸಂಜೆಯ ತೇವಕ್ಕೆ ಬಿರಡೆ ಉಬ್ಬಿ ಬಿಗಿಯಾಗುತ್ತದೆ, ಎಸಿ ಕೋಣೆಗೆ ಬಂದರೆ ಒಣಗಿ ಜಾರುತ್ತದೆ, ನುಡಿಸುವ ಹದಿನೈದು ನಿಮಿಷ ಮುಂಚೆ ಪೆಟ್ಟಿಗೆ ತೆರೆದಿಡಿ.

ಮನೆಗೆ ಬಂದ ಮೇಲೆ ಅದೇ ವಾದ್ಯವನ್ನು ಮತ್ತೆ ಸ-ಪ-ಸ-ಪಕ್ಕೆ ಇಳಿಸುವುದಾದರೆ ಕುದುರೆಯನ್ನು ಮತ್ತೊಮ್ಮೆ ನೋಡಿ, ಈ ಸಲ ಟೇಲ್‌ಪೀಸ್ ಕಡೆಗೆ ವಾಲಿರಬಹುದು. ತಿಂಗಳಿಗೆರಡು ಸಲ ಹೀಗೆ ಏರಿಸಿ ಇಳಿಸಬೇಕಾಗಿ ಬಂದರೆ ಒಂದು ಅಗ್ಗದ ಎರಡನೇ ಪಿಟೀಲು ತೆಗೆದುಕೊಂಡು ಅದನ್ನು ಜಿ-ಡಿ-ಎ-ಇಯಲ್ಲೇ ಬಿಟ್ಟುಬಿಡಿ.