ಮಾನಿಟರ್ ಕೂಗುತ್ತಿದ್ದರೂ ಸಿಸ್ಟರ್ ಏಕೆ ಓಡಿ ಬರುವುದಿಲ್ಲ?

ನಿಮ್ಮ ತಂದೆಯವರ ಹಾಸಿಗೆಯ ಪಕ್ಕದ ಮಾನಿಟರ್ ರಾತ್ರಿಯಿಡೀ ಕೂಗುತ್ತಿದ್ದರೂ ಸಿಸ್ಟರ್‌ಗಳು ದೂರದಿಂದಲೇ ನೋಡಿ ಸುಮ್ಮನಾದರು, ಇದು ನಿರ್ಲಕ್ಷ್ಯವಲ್ಲವೇ ಎಂದು ಕೇಳಿದ್ದೀರಿ. ಹದಿಮೂರು ವರ್ಷಗಳಿಂದ ವಾರ್ಡಿನಲ್ಲಿ ದುಡಿಯುತ್ತಿರುವ ನರ್ಸ್ ನಾನು. ಕೆಲವೊಮ್ಮೆ ಅದು ನಿರ್ಲಕ್ಷ್ಯವೇ ಆಗಿರುತ್ತದೆ. ಆದರೆ ಬಹಳ ಸಲ ಆ ಕೂಗಿಗೆ ಕಾರಣ ರೋಗಿಯಲ್ಲಿ ಇರುವುದಿಲ್ಲ.

ಬೆರಳಿಗೆ ಸಿಕ್ಕಿಸುವ ಪ್ರೋಬ್ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕನ್ನು ಹಾಯಿಸಿ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟವನ್ನು ಲೆಕ್ಕ ಹಾಕುತ್ತದೆ. ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ, ಅದೇ ತೋಳಿನಲ್ಲಿ ಬಿ.ಪಿ. ಪಟ್ಟಿ ಉಬ್ಬಿದರೆ ಅಂಕಿ ತಪ್ಪುತ್ತದೆ. ಹಲ್ಲುಜ್ಜುವಾಗ ಇ.ಸಿ.ಜಿ. ಗೆರೆ ಅಪಾಯಕಾರಿ ಹೃದಯಬಡಿತದಂತೆಯೇ ಕಾಣುವುದುಂಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೆ ಏದುಸಿರು ಬಿಡುತ್ತಾ ಓಡಿದ ನಾನು, ಬಾಯಿತುಂಬ ನೊರೆ ತುಂಬಿಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದ ಅಜ್ಜನೊಬ್ಬನ ಎದುರು ನಿಂತಿದ್ದೆ.

ಇಂಥ ಸುಳ್ಳು ಕೂಗುಗಳಿಗೆ ಕಿವಿ ಒಗ್ಗಿಹೋಗುವುದೇ ನಿಜವಾದ ಅಪಾಯ. ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸಿ ಮಾನ್ಯತೆ ಕೊಡುವ ಅಮೆರಿಕದ ಸಂಸ್ಥೆ ಜಾಯಿಂಟ್ ಕಮಿಷನ್ 2013ರಲ್ಲಿ ಈ ಕುರಿತೇ ಆಸ್ಪತ್ರೆಗಳನ್ನು ಎಚ್ಚರಿಸಿತ್ತು. ಹಳೆಯ ಶ್ವಾಸಕೋಶ ಕಾಯಿಲೆಯ ಕೆಲವು ರೋಗಿಗಳಿಗೆ ವೈದ್ಯರು 88ರಿಂದ 92ರ ಸ್ಯಾಚುರೇಶನ್ನೇ ಸಾಕೆಂದು ಬರೆದಿರುತ್ತಾರೆ. ಯಂತ್ರದ ಅಲಾರಾಂ ಮಿತಿಯನ್ನು ಮಾತ್ರ 90ರಲ್ಲೇ ಬಿಟ್ಟರೆ ಅದು ಬೆಳಗಿನವರೆಗೂ ಕೂಗುತ್ತದೆ. ವೈದ್ಯರನ್ನು ಕೇಳಿ ಆ ಮಿತಿಯನ್ನು ರೋಗಿಗೆ ತಕ್ಕಂತೆ ಬದಲಿಸುವುದು, ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಬಿಲ್ಲೆ ಒಣಗಿದ್ದರೆ ತೆಗೆದು ಹೊಸದನ್ನು ಅಂಟಿಸುವುದು ನಮ್ಮ ಕೆಲಸ. ಒಬ್ಬಳೇ ಇಡೀ ವಾರ್ಡನ್ನು ನೋಡಿಕೊಳ್ಳುವ ರಾತ್ರಿಯಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಕೂಗದ ಮಾನಿಟರ್ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಆಮ್ಲಜನಕ ಕೊಡುತ್ತಿರುವಾಗ ಸ್ಯಾಚುರೇಶನ್ 97ರಲ್ಲೇ ನಿಂತಿದ್ದರೂ ಉಸಿರಾಟ ನಿಮಿಷಕ್ಕೆ 18ರಿಂದ 28ಕ್ಕೆ ಏರಿರಬಹುದು. ವಾರ್ಡಿನ ಮಾನಿಟರ್ ಸಾಮಾನ್ಯವಾಗಿ ಉಸಿರನ್ನು ಎದೆಯ ಎಲೆಕ್ಟ್ರೋಡ್‌ಗಳ ನಡುವಿನ ವಿದ್ಯುತ್ ಅಡೆತಡೆಯ ಏರಿಳಿತದಿಂದ ಎಣಿಸುವುದರಿಂದ, ಕೆಮ್ಮು, ಮಗ್ಗುಲು ಬದಲಿಸುವಿಕೆ ಎಲ್ಲವೂ ಅದರ ಲೆಕ್ಕದಲ್ಲಿ ಸೇರಿಕೊಳ್ಳಬಹುದು. ಹಾಗಾಗಿ ನಾನು ಈಗಲೂ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನೇ ನೋಡುತ್ತೇನೆ.

ಮುಂದಿನ ಸಲ ಅಲಾರಾಂ ಕೂಗಿದಾಗ ತಂದೆಯವರ ಮುಖ ನೋಡಿ. ಬೆವರುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರಿದ್ದರೆ, ಗೊಂದಲದಿಂದ ಮಾತನಾಡಿದರೆ, ಅಂಕಿ ಏನೇ ಇರಲಿ, ಕೂಡಲೇ ನಮ್ಮನ್ನು ಕರೆಯಿರಿ. ಸದ್ದಡಗಿಸುವ ಗುಂಡಿಯನ್ನು ಮಾತ್ರ ನೀವು ಒತ್ತಬೇಡಿ. ನೀವು ಒತ್ತಿದ್ದು ನಮಗೆ ಗೊತ್ತಾಗುವುದಿಲ್ಲ.