ಅಮೆರಿಕದಲ್ಲಿ ನನ್ನ ಹೆಸರಲ್ಲಿ ಯಾರೋ ವಿದ್ಯಾರ್ಥಿ ಸಾಲ ತೆಗೆದಿದ್ದಾರೆ. ಏನು ಮಾಡಲಿ?

ಗಾಬರಿಯಲ್ಲಿ ಒಂದು ಕಂತನ್ನೂ ಕಟ್ಟಬೇಡಿ. ಸಾಲ ನಿಮ್ಮದೇ ಎಂದು ವಾದಿಸಲು ಸಾಲ ಕೊಟ್ಟವರಿಗೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ. ಐಡೆಂಟಿಟಿಥೆಫ್ಟ್ ಡಾಟ್ ಗವ್‌ನಲ್ಲಿ ಎಫ್‌ಟಿಸಿಗೆ (ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ) ದೂರು ಕೊಟ್ಟು ವರದಿ ಪಡೆಯಿರಿ, ಪೊಲೀಸರಿಗೂ ದೂರು ಕೊಡಿ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಸಾಲದ ದಾಖಲೆ ಇಡುವ ಮೂರೂ ಸಂಸ್ಥೆಗಳಲ್ಲಿ ಕ್ರೆಡಿಟ್ ಫ್ರೀಜ್ (ನಿಮ್ಮ ಹೆಸರಲ್ಲಿ ಹೊಸ ಸಾಲ ತೆಗೆಯದಂತೆ ತಡೆ) ಮಾಡಿಸಿ (2018ರಿಂದ ಉಚಿತ). ವರದಿ, ಗುರುತಿನ ದಾಖಲೆ ಕಳಿಸಿದರೆ ಆ ಸಾಲದ ನಮೂದನ್ನು ಅವು 4 ಕೆಲಸದ ದಿನಗಳಲ್ಲಿ ತಡೆಹಿಡಿಯಬೇಕು.

ಫೆಡರಲ್ (ಕೇಂದ್ರ ಸರ್ಕಾರದ) ಸಾಲವಾದರೆ ಸರ್ವಿಸರ್ (ಸಾಲದ ಕಂತು ವಸೂಲಿ ನೋಡಿಕೊಳ್ಳುವ ಕಂಪನಿ) ಬಳಿ 'ಫಾಲ್ಸ್ ಸರ್ಟಿಫಿಕೇಶನ್' (ಸುಳ್ಳು ದೃಢೀಕರಣ) ಮನ್ನಾ ಅರ್ಜಿ ಕೇಳಿ. ಖಾಸಗಿಯಾದರೆ ಸಾಲ ಕೊಟ್ಟವರ ವಂಚನೆ ವಿಭಾಗಕ್ಕೆ ಬರೆಯಿರಿ.

ಪ್ರಾಮಿಸರಿ ನೋಟಿನ (ಸಾಲ ತೀರಿಸುವುದಾಗಿ ಸಹಿ ಹಾಕಿದ ಪತ್ರ) ಪ್ರತಿ ತರಿಸಿ ನೋಡಿ: ಸಹಿ, ವಿಳಾಸ, ಫೋನ್ ನಂಬರ್, ಯಾವ ಕಾಲೇಜು. ಕೆಲವೊಮ್ಮೆ ಆ ವಿಳಾಸ ನಮ್ಮವರದ್ದೇ ಆಗಿರುತ್ತದೆ. ಆಗ ದೂರು ಕೊಡಲು ಕೈ ನಡುಗುತ್ತದೆ, ನಿಜ. ಆದರೆ ದೂರಿಲ್ಲದೆ ಆ ಸಾಲ ನಿಮ್ಮ ತಲೆಯಿಂದ ಇಳಿಯುವುದು ಕಷ್ಟ.